ಸೊಳ್ಳೆಯೋ ಸನ್ನೆಯೋ

ಒಂದು ನದಿಯ ದಡದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದು ಬೀಡು ಬಿಟ್ಟಿತ್ತು. ಆಟವನ್ನೇ ಕಸುಬು ಮಾಡಿಕೊಂಡ ಹನ್ನೆರಡು ಜನ, ಅವರ ಕೋಚ್ ಮುದ್ದಯ್ಯ, ಮುದ್ದಯ್ಯನವರ ಸಹಾಯಕಿ ಸುಗುಣಾ. ಆಟಗಾರರೆಲ್ಲ ಮುದ್ದಯ್ಯನವರನ್ನು ಗುರುಗಳೇ ಎಂದೇ ಕರೆಯುತ್ತಿದ್ದರು.

ಗುರುಗಳದ್ದು ಮಾತು ಕಡಿಮೆ. ಪಂದ್ಯ ನಡೆಯುವಾಗ ಬೆಂಚಿನ ಮೇಲೆ ಕೂತು ಬರೀ ಸನ್ನೆ ಮಾಡುತ್ತಿದ್ದರು. ಕಿವಿ ಹಿಡಿದರೆ, ಬುಟ್ಟಿಯ ಕೆಳಗೆ ನಿಂತ ಎತ್ತರದ ಅಲ್ತಾಫನಿಗೆ ಚೆಂಡು ಕೊಡಬೇಕು. ಮೂಗು ಮುಟ್ಟಿದರೆ ದೂರದಿಂದಲೇ ಬುಟ್ಟಿಗೆ ಎಸೆಯಬೇಕು. ಹಣೆ ಒರೆಸಿಕೊಂಡರೆ ನಿಧಾನಿಸಬೇಕು.

ಆ ಸನ್ನೆ ನೋಡಿ ಆಟ ನಡೆಸುವವನು ಚೆಲುವರಾಜ. ಗುರುಗಳ ಮುಖವನ್ನು ಅವನಷ್ಟು ಶ್ರದ್ಧೆಯಿಂದ ನೋಡುವ ಶಿಷ್ಯ ಇನ್ನೊಬ್ಬನಿರಲಿಲ್ಲ. ಅದೇ ಅವನ ಹೆಮ್ಮೆ.

ಶನಿವಾರದ ಪಂದ್ಯ. ಹತ್ತು ಸೆಕೆಂಡು ಉಳಿದಿತ್ತು, ತಂಡ ಒಂದು ಅಂಕ ಹಿಂದಿತ್ತು. ಚೆಂಡು ಚೆಲುವರಾಜನ ಕೈಯಲ್ಲಿ. ಅವನು ಬೆಂಚಿನತ್ತ ನೋಡಿದ. ಗುರುಗಳು ಕಿವಿ ಹಿಡಿದಿದ್ದರು.

ಎದುರಿಗೆ ದಾರಿ ಬಟಾಬಯಲು. ಅಲ್ತಾಫನನ್ನೋ ಮೂವರು ಮುತ್ತಿಕೊಂಡಿದ್ದರು. ಆದರೂ ಚೆಲುವರಾಜ ಅಲ್ತಾಫನಿಗೇ ಎಸೆದ. ಮೂವರಲ್ಲೊಬ್ಬ ಹಾರಿ ಚೆಂಡನ್ನು ಕಿತ್ತುಕೊಂಡ. ಪಂದ್ಯ ಅಲ್ಲಿಗೆ ಮುಗಿಯಿತು.

ಇನ್ನು ಒಂದೇ ಪಂದ್ಯ ಬಾಕಿ. ಅದನ್ನೂ ಸೋತರೆ ತಂಡ ಲೀಗಿನಿಂದ ಹೊರಗೆ. ಉಳಿದವರಿಗೆ ಅಲ್ಲಿ ಇಲ್ಲಿಯ ತಂಡಗಳಿಂದ ಕರೆ ಬಂದಿತ್ತು, ಚೆಲುವರಾಜನಿಗೆ ಎಲ್ಲಿಂದಲೂ ಬಂದಿರಲಿಲ್ಲ. ಆಟ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗುರುಗಳು ದಡದಲ್ಲಿ ಕೂತು ಬೂಟು ಬಿಚ್ಚುತ್ತಿದ್ದರು. ಚೆಲುವರಾಜ ಹೋಗಿ ಕೈಕಟ್ಟಿ ನಿಂತ.

"ಗುರುಗಳೇ, ತಪ್ಪು ತಿಳ್ಕೋಬೇಡಿ. ಅಲ್ತಾಫಣ್ಣನ ಸುತ್ತ ಮೂರು ಜನ ಇದ್ರು. ಆದ್ರೂ ಕಿವಿ ಯಾಕೆ ಹಿಡ್ಕೊಂಡ್ರಿ?"

"ಸೊಳ್ಳೆ ಕಚ್ತು ಕಣಪ್ಪ."

ಚೆಲುವರಾಜ ಕಣ್ಣು ಕಣ್ಣು ಬಿಟ್ಟ. "ಹಂಗಾದ್ರೆ ಯಾವುದು ಸನ್ನೆ, ಯಾವುದು ಸೊಳ್ಳೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

"ಮೂರು ಜನ ಇದ್ದದ್ದು ಹೆಂಗೆ ಗೊತ್ತಾಯ್ತು?"

"ಕಣ್ಣೆದುರಿಗೇ ಇದ್ರಲ್ಲ!"

"ಹೂಂ," ಎಂದು ಗುರುಗಳು ನೀರಿಗೆ ಕಾಲು ಇಳಿಬಿಟ್ಟರು.

ಇಷ್ಟು ಕೇಳಿದ ಮೇಲೆ ಯಾರ ತಲೆಗಾದರೂ ಹೋಗಬೇಕಿತ್ತು. ನಮ್ಮ ಚೆಲುವರಾಜ ನೇರ ಸುಗುಣಾ ಮೇಡಂ ಹತ್ತಿರ ಓಡಿದ.

"ಮೇಡಂ, ಕಿವಿ ಬೇಡ. ಸೊಳ್ಳೆ ಕಚ್ಚದೇ ಇರೋ ಜಾಗ ನೋಡಿ ಬೇರೆ ಸನ್ನೆ ಇಡೋಣ."

"ನಿಮ್ಮ ಗುರುಗಳ ಮೈಮೇಲೆ ಅಂಥ ಜಾಗ ಎಲ್ಲಿದೆ ಅಂತ ನಾನೇನು ಹುಡುಕ್ತಾ ಕೂತಿದ್ದೀನಾ?" ಎಂದು ಸುಗುಣಾ ತಮ್ಮ ಟಿಪ್ಪಣಿ ಪುಸ್ತಕ ತೆರೆದರು. "ನೋಡಿಲ್ಲಿ. ನಿನ್ನೆ ಎಪ್ಪತ್ತೊಂದು ಸಲ ಬೆಂಚಿನ ಕಡೆ ನೋಡಿದ್ದೀಯ."

"ಬುಟ್ಟಿ ಕಡೆ?"

"ಅದನ್ನ ಬರ್ಕೊಳ್ಳೋ ಕೆಲಸವೇ ಬೀಳ್ಲಿಲ್ಲ ನನಗೆ."

ಸಂಜೆ ಅಭ್ಯಾಸಕ್ಕೆ ಇಳಿದರು. ಚೆಂಡು ಕೈಗೆ ಬಂದೊಡನೆ ಚೆಲುವರಾಜ ಗುರುಗಳತ್ತ ತಿರುಗಿದ. ಗುರುಗಳು ಒಂದು ಕೈಯಲ್ಲಿ ಕಿವಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಮೂಗು. ಸಾಲದೆಂದು ಭುಜದಿಂದ ಹಣೆಯನ್ನೂ ಒರೆಸಿಕೊಳ್ಳುತ್ತಿದ್ದರು.

ಚೆಲುವರಾಜ ಚೆಂಡು ಹಿಡಿದುಕೊಂಡು ನಿಂತಲ್ಲೇ ನಿಂತ. ಹುಡುಗರು ನಕ್ಕರು.

"ಯಾಕಪ್ಪ ನಿಂತೆ?" ಎಂದರು ಗುರುಗಳು.

"ಯಾವುದನ್ನ ಮಾಡ್ಲಿ ಗುರುಗಳೇ?"

"ಸೊಳ್ಳೆಗಳನ್ನ ಕೇಳು."

ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಮಾಡಿದವನಿಗೆ ಇದೇನು ಶಿಕ್ಷೆ ಎಂದು ತಿಳಿಯಲಿಲ್ಲ. ಆ ಇಡೀ ವಾರ ಅವನು ಗೊಂದಲದಲ್ಲೇ ಉಂಡ, ಗೊಂದಲದಲ್ಲೇ ಮಲಗಿದ.

ಕೊನೆಯ ಪಂದ್ಯದ ದಿನ ಬಂತು. ಕ್ರೀಡಾಂಗಣದೊಳಗೆ ಬೆವರು ಕಿತ್ತುಕೊಂಡು ಬರುವ ಸೆಕೆ. ಗುರುಗಳು ಮಾತ್ರ ಕುತ್ತಿಗೆಯವರೆಗೆ ಕಂಬಳಿ ಹೊದ್ದು ಬಂದು ಕೂತರು, ಎರಡೂ ಕೈ ಒಳಗೆ.

"ಸೊಳ್ಳೆ ಕಾಟ," ಎಂದರು, ಯಾರೂ ಕೇಳದಿದ್ದರೂ.

ಚೆಲುವರಾಜ ಬಿಡುವವನಲ್ಲ. ಕಂಬಳಿಯ ಉಬ್ಬು ನೋಡಿದ. ಎಡಗಡೆ ಉಬ್ಬಿದರೆ ಕಿವಿಯೇ? ನಡುವೆ ಉಬ್ಬಿದರೆ ಮೂಗೇ? ಹಾಗೆ ಕಂಬಳಿ ಓದುತ್ತ ಎರಡು ಸಲ ಚೆಂಡು ಕಳೆದುಕೊಂಡ. ಅಲ್ತಾಫ್ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದ.

ಮತ್ತೆ ಕೊನೆಯ ಹತ್ತು ಸೆಕೆಂಡು. ಮತ್ತೆ ಒಂದು ಅಂಕ ಹಿಂದೆ. ಚೆಲುವರಾಜನ ಕುತ್ತಿಗೆ ರೂಢಿಯಂತೆ ಬೆಂಚಿನತ್ತ ತಿರುಗತೊಡಗಿತು. ಅಷ್ಟರಲ್ಲಿ ಎದುರಾಳಿಯೊಬ್ಬ ಚೆಂಡಿಗೆ ಕೈ ಹಾಕಿದ.

ಬೆಂಚು ನೋಡಲು ಹೊತ್ತಿರಲಿಲ್ಲ. ಚೆಲುವರಾಜ ಚೆಂಡನ್ನು ಎಳೆದುಕೊಂಡು ಮುಂದೆ ನೋಡಿದ. ಅಲ್ತಾಫನ ಸುತ್ತ ಈ ಸಲವೂ ಮೂವರು. ಎದುರಿಗೆ ಅದೇ ಬಟಾಬಯಲು ದಾರಿ.

ನುಗ್ಗಿದ. ಹಾರಿದ. ಚೆಂಡು ಬುಟ್ಟಿಯ ಅಂಚಿನಲ್ಲಿ ಒಂದು ಸುತ್ತು ಸುತ್ತಿ ಒಳಗೆ ಬಿತ್ತು.

ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಳಿಸಿದ ಮೇಲೆ ಸುಗುಣಾ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಕೊನೇಲಿ ಗುರುಗಳು ಕಂಬಳಿಯಿಂದ ಎರಡೂ ಕೈ ಹೊರಗೆ ತೆಗೆದಿದ್ರು ಕಣೋ. ಏನೋ ಮಾಡಿದ್ರು."

ಚೆಲುವರಾಜನಿಗೆ ಗೆದ್ದ ಖುಷಿಯೆಲ್ಲ ಇಳಿದುಹೋಯಿತು. ಗುರುಗಳ ಮಾತು ಮೀರಿದೆನೇ?

ಗುರುಗಳು ಕಂಬಳಿ ಮಡಿಸುತ್ತಿದ್ದರು. ಅವನು ಏದುಸಿರು ಬಿಡುತ್ತ ಅವರ ಮುಂದೆ ನಿಂತ.

"ಗುರುಗಳೇ, ಕ್ಷಮಿಸಿ, ನಾನು ನೋಡ್ಲಿಲ್ಲ. ಕೊನೇಲಿ ಕೈ ಹೊರಗೆ ತೆಗೆದು ಏನು ಸನ್ನೆ ಮಾಡಿದ್ರಿ?"

ಗುರುಗಳು ನೆನಪು ಮಾಡಿಕೊಳ್ಳುವವರಂತೆ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು.

"ನನಗೇನಪ್ಪ ಗೊತ್ತು? ನಾನು ಆಟ ನೋಡ್ತಿದ್ದೆ."