ಮುರಿಯದ ಆಕ್ಸಲ್

‘ಬುದ್ಧಿ, ಭಾರ ಹೊರಬಲ್ಲ ಮನುಷ್ಯನನ್ನು ಆರಿಸುವುದು ಹೇಗೆ?’ ಎಂದು ಶಿಷ್ಯ ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ದಿನಕ್ಕೆ ಆರುನೂರು ಎಲೆ ಬೀಳುವ ಅಡುಗೆಮನೆ. ಒಂದೇ ವರ್ಷದಲ್ಲಿ ಇಬ್ಬರು ಅಡುಗೆಯವರು ಬಿಟ್ಟು ಹೋಗಿದ್ದರು. ಒಬ್ಬ ಹೇಳದೆ ಹೋದ. ಇನ್ನೊಬ್ಬ ಅನ್ನದ ಕೊಳಗ ಇಳಿಸುವಾಗ ಒಲೆಯ ಮುಂದೆಯೇ ಕುಸಿದು ಕುಳಿತ. ಎದ್ದವನು ಯಾರನ್ನೂ ನೋಡದೆ ಬಟ್ಟೆಯ ಗಂಟು ತೆಗೆದುಕೊಂಡು ಬಸ್ಸು ಹತ್ತಿದ.

‘ಇಬ್ಬರೂ ಮೆತ್ತನೆಯವರು. ಈ ಸಲ ಗಟ್ಟಿಯಾದವನನ್ನೇ ತರಬೇಕೆಂದಿದ್ದೇನೆ. ಅಪ್ಪಣೆಯಾಗಬೇಕು’ ಎಂದ ಶಿಷ್ಯ.

ಗುರುಗಳು ಎದುರಿನ ಚಾಪೆ ತೋರಿಸಿದರು. ಶಿಷ್ಯ ಕುಳಿತ ಮೇಲೆ ಹೇಳತೊಡಗಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ಲಾರಿಯವನಿದ್ದ. ಹೆಸರು ಜಡಿಯಪ್ಪ. ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಲಾರಿಯೊಂದನ್ನು ಕೊಂಡಿದ್ದ. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಬೇರೆ ಲಾರಿಗಳು ಹೋಗದ ಕಡೆ ಹೋಗುತ್ತಿತ್ತು.

ಬೆಟ್ಟದ ಮೇಲೆ ಐದು ಸಣ್ಣ ಊರುಗಳಿದ್ದವು. ಅಲ್ಲಿಗೆ ದಾರಿ ಎನ್ನುವಂಥ ದಾರಿಯಿರಲಿಲ್ಲ. ಹಳ್ಳದೊಳಗೆ ಇಳಿಯಬೇಕು, ಬಂಡೆಯ ಮೇಲೆ ಹತ್ತಬೇಕು, ಮತ್ತೆ ಹಳ್ಳ. ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲ ಆ ಲಾರಿಯಲ್ಲೇ ಮೇಲೆ ಹೋಗಬೇಕು. ಕಾಯಿಲೆಯವರು, ಬಸುರಿಯರು ಅದರಲ್ಲೇ ಕೆಳಗೆ ಬರಬೇಕು. ಲಾರಿ ನಿಂತ ವಾರ ಮೇಲಿನವರು ಗೆಣಸು ಬೇಯಿಸಿಕೊಂಡು ತಿನ್ನುತ್ತಿದ್ದರು.

ಜಡಿಯಪ್ಪನ ಜೊತೆಗೆ ಅವನ ಹೆಂಡತಿಯ ತಮ್ಮ ಕೆಂಪಮಾದ ಇರುತ್ತಿದ್ದ. ಮೂವತ್ತು ದಾಟಿದ ಗಂಡಸು. ಮಾತು ಕಡಿಮೆ. ಕಡಿದಾದ ಜಾಗ ಬಂದಾಗ ಇಳಿದು ಲಾರಿಯ ಹಿಂದೆ ನಡೆಯುವುದು ಅವನ ಕೆಲಸ. ಕೈಯಲ್ಲಿ ಒಂದು ಮರದ ತುಂಡು. ಗಾಡಿ ಹಿಂದಕ್ಕೆ ಜಾರಿದರೆ ಅದನ್ನು ಗಾಲಿಯ ಕೆಳಗೆ ಕೊಡಬೇಕು.

ಎರಡನೆಯ ಹಳ್ಳ ದಾಟಿದ ಕೂಡಲೇ ಒಂದು ತಿರುವಿತ್ತು. ಮೆಟ್ಟಿಲಿನಂಥ ಬಂಡೆ, ಅದರ ಮೇಲೆ ಸಡಿಲ ಕಲ್ಲು. ಹಳ್ಳದ ನೀರಿನಲ್ಲಿ ನೆನೆದ ಬ್ರೇಕು ಅಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಅದೇ ತಿರುವಿನಲ್ಲಿ ಲಾರಿಯ ಹಿಂದಿನ ಆಕ್ಸಲ್ ಮೂರು ಸಲ ಮುರಿಯಿತು.

ಆಕ್ಸಲ್ ಎಂದರೆ ಗಾಲಿಯನ್ನು ತಿರುಗಿಸುವ ಉಕ್ಕಿನ ದಂಡ. ಎತ್ತಿನ ಗಾಡಿಗೆ ಅಚ್ಚು ಇದ್ದ ಹಾಗೆ. ಆದರೆ ಗಾಡಿಯ ಅಚ್ಚು ಭಾರ ಹೊತ್ತರೆ ಸಾಕು. ಲಾರಿಯ ಆಕ್ಸಲ್ ಎಂಜಿನ್ನಿನ ಬಲವನ್ನೂ ಗಾಲಿಗೆ ಮುಟ್ಟಿಸಬೇಕು. ಆ ಹಳೆಯ ಲಾರಿಯಲ್ಲಿ ಕೈಬ್ರೇಕು ಕೂಡ ಆ ದಂಡದ ಮೂಲಕವೇ ಗಾಲಿಯನ್ನು ಹಿಡಿಯುತ್ತಿತ್ತು. ಅದು ಮುರಿದರೆ ಏರಿನಲ್ಲಿ ಮುಂದಿನ ಎರಡು ಗಾಲಿಯ ಬಲ ಸಾಲದು. ಗಾಡಿಗೆ ಮುಂದೆ ಹೋಗುವ ಶಕ್ತಿಯೂ ಇಲ್ಲ, ನಿಲ್ಲುವ ಶಕ್ತಿಯೂ ಇಲ್ಲ.

ಮೊದಲ ಎರಡು ಸಲ ಕೆಂಪಮಾದನ ಮರದ ತುಂಡು ಗಾಡಿಯನ್ನು ನಿಲ್ಲಿಸಿತು. ಮೂರನೆಯ ಸಲವೂ ನಿಲ್ಲಿಸಿತು. ಆದರೆ ಅವನ ಎಡಗಾಲಿನ ಎರಡು ಬೆರಳು ಗಾಲಿಯ ಕೆಳಗೆ ಹೋದವು.

ಆ ದಿನ ಜಡಿಯಪ್ಪ ಮನೆಗೆ ಬಂದಾಗ ಹೆಂಡತಿ ತಮ್ಮನ ಪಾದದ ಕಟ್ಟು ನೋಡಿದಳು. ಅಳಲಿಲ್ಲ. ‘ಗಾಡಿ ಓಡಿಸುವುದು ಬಿಡಿ ಎಂದು ನಾನು ಹೇಳುವುದಿಲ್ಲ. ಮೇಲಿನವರಿಗೂ ಹೊಟ್ಟೆಯಿದೆ. ಇವನು ಮಾತ್ರ ಇನ್ನು ಗಾಡಿಯ ಹಿಂದೆ ನಿಲ್ಲಬಾರದು’ ಎಂದಳು.

ಜಡಿಯಪ್ಪ ಅಂದೇ ನಿಶ್ಚಯಿಸಿದ. ಇನ್ನು ಹಾಕುವ ಆಕ್ಸಲ್ ಎಂದೂ ಮುರಿಯಬಾರದು.

ಕೆಳಗಿನ ಪೇಟೆಯಲ್ಲಿ ಅರುಳಪ್ಪ ಎಂಬ ಮೇಸ್ತ್ರಿಯಿದ್ದ. ನಲವತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಜಡಿಯಪ್ಪ ಅವನ ಬಳಿಗೆ ಹೋದ.

‘ಅರುಳಪ್ಪಣ್ಣ, ಇರುವುದರಲ್ಲೆಲ್ಲ ಗಟ್ಟಿಯಾದ ಆಕ್ಸಲ್ ಹಾಕಿಕೊಡು.’

ಅರುಳಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ‘ಮುರಿದದ್ದನ್ನು ತಂದಿದ್ದೀಯಾ?’

ತಂದಿರಲಿಲ್ಲ. ಮೊದಲನೆಯದನ್ನು ಜಡಿಯಪ್ಪ ಸಿಟ್ಟಿನಲ್ಲಿ ಕಣಿವೆಗೆ ಎಸೆದಿದ್ದ. ಎರಡನೆಯದನ್ನು ಗುಜರಿಗೆ ಹಾಕಿದ್ದ. ಮೂರನೆಯದು ತಿರುವಿನ ಪಕ್ಕದ ಪೊದೆಯಲ್ಲಿ ಬಿದ್ದಿತ್ತು.

‘ಆ ತುಂಡು ತೆಗೆದುಕೊಂಡು ಬಾ’ ಎಂದ ಅರುಳಪ್ಪ. ‘ಯಾಕೆ ಮುರಿಯಿತು ಎಂದು ತಿಳಿಯದೆ ಎಂಥದ್ದು ಹಾಕಬೇಕೆಂದು ಹೇಗೆ ಹೇಳಲಿ?’

‘ಅದರಲ್ಲಿ ತಿಳಿಯುವುದೇನಿದೆ? ಮೆತ್ತಗಿತ್ತು, ಮುರಿಯಿತು.’

‘ಹಾಗಾದರೆ ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದು ಅರುಳಪ್ಪ ಮತ್ತೆ ಲಾರಿಯೊಂದರ ಕೆಳಗೆ ನುಸುಳಿದ.

ಲಾರಿಯನ್ನು ಆಗಲೇ ಪೇಟೆಗೆ ಎಳೆಸಿ ತಂದಾಗಿತ್ತು. ಮತ್ತೆ ತಿರುವಿಗೆ ಹೋಗಿ ಬರಲು ಒಂದು ದಿನ ಬೇಕಿತ್ತು. ಮೇಲಿನ ಊರುಗಳಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು. ಮುರಿದ ಕಬ್ಬಿಣಕ್ಕಾಗಿ ಒಂದು ದಿನ ಕಳೆಯುವುದು ಜಡಿಯಪ್ಪನಿಗೆ ಹುಚ್ಚುತನವಾಗಿ ಕಂಡಿತು. ಅವನು ಬೇರೆ ಗ್ಯಾರೇಜಿಗೆ ಹೋದ. ಅಲ್ಲಿಯವನು ಏನೂ ಕೇಳಲಿಲ್ಲ. ಕಲ್ಲು ಕ್ವಾರಿಯ ದೊಡ್ಡ ಲಾರಿಯಿಂದ ಬಿಚ್ಚಿದ ಆಕ್ಸಲ್ ತೋರಿಸಿದ. ಹಳೆಯದರ ಎರಡರಷ್ಟು ದಪ್ಪ. ನಾಲ್ಕು ಜನ ಹಿಡಿದರೂ ಎತ್ತಲು ಕಷ್ಟ. ‘ಇದು ಮುರಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ’ ಎಂದ.

ಮೂರು ದಿನದಲ್ಲಿ ಅದನ್ನು ಕೂರಿಸಿದರು. ಜಡಿಯಪ್ಪ ಅರಿಶಿನ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣಿಟ್ಟು ಹೊರಟ.

ಗ್ಯಾರೇಜಿನವನ ಮಾತು ಸುಳ್ಳಾಗಲಿಲ್ಲ. ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು, ಆಕ್ಸಲ್ ಮುರಿಯಲಿಲ್ಲ. ಮೇಲಿನ ಊರಿನವರು ಬಂದು ಮುಟ್ಟಿ ನೋಡಿ, ಆನೆಯ ಕಾಲು ಎಂದರು. ಕೆಂಪಮಾದ ಈಗ ಗಾಡಿಯ ಹಿಂದೆ ನಡೆಯುತ್ತಿರಲಿಲ್ಲ. ಮೂಟೆಗಳ ಮೇಲೆ ಕುಳಿತು ಬರುತ್ತಿದ್ದ. ಆದರೂ ಮರದ ತುಂಡನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದ. ಭಾವ ಅದನ್ನು ನೋಡಿ ನಗುತ್ತಿದ್ದ.

ಬೇಸಿಗೆಯ ಮೊದಲಲ್ಲಿ ಒಂದು ದಿನ, ಮೂಟೆಗಳ ಜೊತೆಗೆ ಆರು ಜನ ಮೇಲೆ ಹೊರಟಿದ್ದರು. ಆಸ್ಪತ್ರೆಯಿಂದ ಮರಳುವ ಮುದುಕಿಯೊಬ್ಬಳು, ಹತ್ತು ದಿನದ ಕೂಸಿನ ತಾಯಿ, ಇನ್ನುಳಿದವರು. ಹಳ್ಳ ದಾಟಿತು. ತಿರುವು ಬಂತು. ಜಡಿಯಪ್ಪ ಎಂದಿನಂತೆ ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದ. ಗಾಲಿ ಸಡಿಲ ಕಲ್ಲಿನ ಮೇಲೆ ಗಿರ್ರನೆ ಸುತ್ತಿತು, ಬಂಡೆಯ ಅಂಚನ್ನು ಕಚ್ಚಿತು. ಗಾಡಿಯ ಹೊಟ್ಟೆಯೊಳಗೆ ಏನೋ ಸಿಡಿದ ಸದ್ದಾಯಿತು.

ಆಕ್ಸಲ್ ಮುರಿಯಲಿಲ್ಲ. ಎಂಜಿನ್ನಿನ ಬಲವನ್ನು ಆಕ್ಸಲ್‌ವರೆಗೆ ಒಯ್ಯುವ ಜಾಯಿಂಟು ಮುರಿಯಿತು. ಕೈಬ್ರೇಕಿನ ಹಿಡಿತವೂ ಅದರೊಂದಿಗೆ ಹೋಯಿತು.

ಲಾರಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಹಳ್ಳದ ದಂಡೆ, ಎರಡಾಳು ಆಳ. ಕೆಂಪಮಾದ ಮೂಟೆಗಳ ಮೇಲಿಂದ ಹಾರಿದ. ಬೆರಳಿಲ್ಲದ ಕಾಲು ಕುಂಟುತ್ತಿತ್ತು. ಆದರೂ ಗಾಲಿಗಿಂತ ಮೊದಲು ಮುಟ್ಟಿದ. ತುಂಡು ಕೊಟ್ಟ. ಗಾಡಿಯ ತೂಕ ಹೆಚ್ಚಾಗಿತ್ತು. ಗಾಲಿ ತುಂಡನ್ನು ಒತ್ತಿಕೊಂಡೇ ಒಂದು ಮೊಳ ಹಿಂದೆ ಸರಿದು, ಅವನ ಆ ಕಾಲಿನ ಮೇಲೆಯೇ ಬಂದು ನಿಂತಿತು.

ಮೇಲಿದ್ದ ಆರು ಜನರೂ, ಕೂಸೂ ಉಳಿದರು. ಕೆಂಪಮಾದನ ಕಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು.

ಮರುದಿನ ಜಡಿಯಪ್ಪ ಒಬ್ಬನೇ ತಿರುವಿಗೆ ಹೋದ. ಲಾರಿಯ ಕೆಳಗೆ ತೆವಳಿ ನೋಡಿದ. ದೊಡ್ಡ ಆಕ್ಸಲ್ ಒಂದು ಗೀರೂ ಇಲ್ಲದೆ ಕುಳಿತಿತ್ತು. ಅವನು ತುಂಬ ಹೊತ್ತು ಅಲ್ಲೇ ಮಲಗಿದ್ದ. ಆಮೇಲೆ ಹೊರಗೆ ಬಂದು ಪೊದೆಯಲ್ಲಿ ಹುಡುಕಿದ. ಹಳೆಯ ತುಂಡು ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಪೇಟೆಗೆ ಇಳಿದ.

ಅರುಳಪ್ಪ ಅದನ್ನು ತೆಗೆದುಕೊಂಡ. ಡೀಸೆಲಿನಲ್ಲಿ ತೊಳೆದ, ಬ್ರಷ್ಷಿನಿಂದ ಉಜ್ಜಿದ, ಬಿಸಿಲಿಗೆ ಹಿಡಿದ. ಉಕ್ಕಿನ ದಂಡದ ತುದಿಯಲ್ಲಿ ನೇರವಾಗಿರಬೇಕಾದ ಗೆರೆಗಳು ಹಗ್ಗದ ಎಳೆಯಂತೆ ತಿರುಚಿಕೊಂಡಿದ್ದವು.

‘ಇದು ಭಾರಕ್ಕೆ ಮುರಿದದ್ದಲ್ಲ. ಈ ಲಾರಿಯ ಭಾರ ಹೊರುವಷ್ಟು ಗಟ್ಟಿಯೇ ಇತ್ತು. ಜಗ್ಗಿ ಜಗ್ಗಿ ಮುರಿದಿದೆ. ಆ ತಿರುವಿನಲ್ಲಿ ಏನು ಮಾಡುತ್ತೀಯ?’ ಎಂದು ಕೇಳಿದ.

ಜಡಿಯಪ್ಪ ಹೇಳಿದ. ಲಾರಿ ಕೊಂಡ ಹೊಸದರಲ್ಲಿ ಒಮ್ಮೆ ಆ ತಿರುವಿನಲ್ಲಿ ಎಂಜಿನ್ ಆರಿಹೋಗಿ, ಗಾಡಿ ಜಾರಿ ದಂಡೆಯ ಅಂಚಿಗೆ ಬಂದಿತ್ತು. ಅಂದಿನಿಂದ ಅಲ್ಲಿ ನಿಧಾನ ಮಾಡಲು ಭಯ. ಕಣ್ಣು ಮುಚ್ಚಿದ ಹಾಗೆ ಒಂದೇ ಉಸಿರಿಗೆ ಹತ್ತಿಸಿಬಿಡುತ್ತಿದ್ದ.

‘ಗಾಲಿ ಸುಮ್ಮನೆ ಸುತ್ತುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ಬಂಡೆಗೆ ಕಚ್ಚುತ್ತದೆ. ಆ ಏಟನ್ನು ಯಾರಾದರೂ ತಿನ್ನಲೇಬೇಕು. ಮೊದಲು ಇದು ತಿಂದಿತು. ಇದರ ಜಾಗಕ್ಕೆ ಏಟಿಗೆ ಜಗ್ಗದವನನ್ನು ತಂದು ಕೂರಿಸಿದೆ. ಪಕ್ಕದವನು ತಿಂದ’ ಎಂದ ಅರುಳಪ್ಪ.

ಆಮೇಲೆ ಅವನು ಇನ್ನೊಂದು ಮಾತು ಕೇಳಿದ. ‘ಹಿಂದೆ ನಿಂತಿರುತ್ತಿದ್ದವನು ಏನು ಹೇಳುತ್ತಾನೆ?’

ಜಡಿಯಪ್ಪನಿಗೆ ಅದು ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋದ. ಕೆಂಪಮಾದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಜಡಿಯಪ್ಪ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಅರುಳಪ್ಪ ಹೇಳಿದ್ದನ್ನೆಲ್ಲ ಹೇಳಿದ.

ಕೆಂಪಮಾದ ತಿರುಗಿದ. ‘ಅದು ನನಗೆ ಗೊತ್ತಿತ್ತು ಭಾವ. ಹಿಂದಿನಿಂದ ಕಾಣುತ್ತದಲ್ಲ. ಪ್ರತಿ ಸಲವೂ ಗಾಲಿ ಸುತ್ತುವುದು, ಕಚ್ಚುವುದು, ಗಾಡಿ ಎಗರುವುದು.’

‘ಮತ್ತೆ ಯಾಕೋ ಹೇಳಲಿಲ್ಲ?’

‘ಮುರಿದಾಗಲೆಲ್ಲ ನೀನು ಕಬ್ಬಿಣವನ್ನು ಬೈಯುತ್ತಿದ್ದೆ. ಒಂದು ಸಲವಾದರೂ ಏನಾಯಿತು ಅಂತ ಕೇಳಿದ್ದರೆ ಹೇಳುತ್ತಿದ್ದೆ.’

ಜಡಿಯಪ್ಪ ಮಂಚದ ಕಬ್ಬಿಣಕ್ಕೆ ಹಣೆ ಇಟ್ಟ. ಎಡಗಾಲು ಇರಬೇಕಾದ ಕಡೆ ಹೊದಿಕೆ ಚಪ್ಪಟೆಯಾಗಿತ್ತು. ಅವನು ಅತ್ತ. ಕೆಂಪಮಾದ ಅಳಬೇಡ ಎನ್ನಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ಕುಡಿಯಲು ನೀರು ಕೇಳಿದ.

ಅರುಳಪ್ಪ ದೊಡ್ಡ ಆಕ್ಸಲ್ ಬಿಚ್ಚಿಸಿದ. ಆ ಲಾರಿಗೆ ಮೊದಲಿನಿಂದ ಇದ್ದಂಥದ್ದನ್ನೇ, ಚೆನ್ನಾಗಿ ಪರೀಕ್ಷಿಸಿ ಹಾಕಿದ. ಜಾಯಿಂಟನ್ನೂ ಹೊಸದಾಗಿ ಕೂರಿಸಿದ. ಕೈಬ್ರೇಕನ್ನು ನೇರವಾಗಿ ಗಾಲಿಗೇ ಹಿಡಿಯುವ ಹಾಗೆ ಮಾಡಿಕೊಟ್ಟ. ಅಲ್ಲಿಗೆ ಕಬ್ಬಿಣದ ಕೆಲಸ ಮುಗಿಯಿತು.

ಉಳಿದ ಕೆಲಸಕ್ಕೆ ಹೆಚ್ಚು ದಿನ ಹಿಡಿಯಿತು. ಕೆಂಪಮಾದ ಊರುಗೋಲು ಹಿಡಿದು ನಡೆಯುವುದನ್ನು ಕಲಿತ ಮೇಲೆ, ತಾನೂ ಬರುತ್ತೇನೆಂದ. ಅಕ್ಕ ಬೇಡವೆಂದಳು. ಅವನು ಕೇಳಲಿಲ್ಲ. ತಿರುವಿನಲ್ಲಿ ಎಲ್ಲರಿಗಿಂತ ಮೊದಲು ಅವನನ್ನು ಇಳಿಸುತ್ತಿದ್ದರು. ಅವನು ಗಾಡಿಯ ಹಿಂದೆ ನಿಲ್ಲಲಿಲ್ಲ. ಪಕ್ಕದ ಎತ್ತರದ ಬಂಡೆಯ ಮೇಲೆ, ಜಡಿಯಪ್ಪನಿಗೆ ಕಾಣುವಂತೆ ಕುಳಿತ. ಗಾಲಿ ಸುತ್ತಲು ಶುರುವಾದರೆ ಕೈ ಎತ್ತುತ್ತಿದ್ದ. ಜಡಿಯಪ್ಪ ಕಾಲು ಸಡಿಲಿಸುತ್ತಿದ್ದ. ಕೈ ಇಳಿಸಿದರೆ ಮೆಲ್ಲಗೆ ಒತ್ತುತ್ತಿದ್ದ. ಮೊದಲ ದಿನ ಆ ತಿರುವು ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಭಯದ ಬೆವರಿಗೆ ಜಡಿಯಪ್ಪನ ಅಂಗಿ ತೊಯ್ದು ಹೋಗಿತ್ತು. ಆದರೂ ಹತ್ತಿತು.

ಒಂಬತ್ತು ವರ್ಷ ಆ ಲಾರಿ ಓಡಿತು. ಆಕ್ಸಲ್ ಬದಲಿಸಲಿಲ್ಲ. ಆಮೇಲೆ ಸರ್ಕಾರದವರು ರಸ್ತೆ ಮಾಡಿದರು, ಬಸ್ಸು ಬಂತು. ಜಡಿಯಪ್ಪ ಲಾರಿ ಮಾರಿದ.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು.

‘ಹಾಗಾದರೆ ಗಟ್ಟಿಯಾದವನು ಬೇಡವೆಂದು ಅಪ್ಪಣೆಯೇ ಬುದ್ಧಿ?’ ಎಂದು ಶಿಷ್ಯ ಕೇಳಿದ.

‘ಬೇಕೋ ಬೇಡವೋ ಆಮೇಲೆ ನೋಡೋಣ’ ಎಂದರು ಗುರುಗಳು. ‘ಬಸ್ಸು ಹತ್ತಿ ಹೋದನಲ್ಲ, ಅವನ ಊರು ಯಾವುದು?’

ಶಿಷ್ಯನಿಗೆ ಅದು ಗೊತ್ತಿರಲಿಲ್ಲ. ಕೇಳಿ ತಿಳಿಯಲು ಎದ್ದು ಅಡುಗೆಮನೆಯ ಕಡೆ ನಡೆದ.