ಪೇಟೇಲಿ ಸಿಗದ ಕತ್ತಲೆ

ಕಲ್ಯಾಣಮಂಟಪದ ವಾಚ್‌ಮನ್ ಚೌಡಯ್ಯ ಊರಿಗೆ ಹೋಗಿ ಹೆಂಡತಿಯ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ರಜ ಕೇಳಿದರೆ ಯಜಮಾನ ವೃಷಭೇಂದ್ರಪ್ಪ ಗುಡುಗಿದರು.

“ರಜ ಆಮೇಲೆ! ಮೊದಲು ಅಂಗಡೀಲಿ ನೋಡಿ ಒಂದು ಒಳ್ಳೆ ಟಾರ್ಚ್ ಕೊಂಡು ತಾ. ನಮ್ಮ ಮನೆಗೂ ಆಗ್ಬೇಕು, ನಿನ್ನ ಕಾವಲಿಗೂ ಆಗ್ಬೇಕು, ನಾನು ಕಾಡಲ್ಲಿ ಟೆಂಟ್ ಹಾಕಿದಾಗಲೂ ಆಗ್ಬೇಕು. ಕೈಕೊಟ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ.”

ಚೌಡಯ್ಯ ಟಾರ್ಚ್ ತಂದ.

“ಮನೆಗೆ, ಗೇಟಿಗೆ ಸರಿಹೋಯ್ತು ಯಜಮಾನ್ರೇ. ಕಾಡಿಗೆ ಆಗುತ್ತಾ ನೋಡೋಣ ಅಂದ್ರೆ ಈ ಪೇಟೇಲಿ ಕತ್ತಲೆಯೇ ಇಲ್ಲ. ನಮ್ಮೂರಲ್ಲಿ ಬೇಕಾದಷ್ಟಿದೆ.”

ಯಜಮಾನರು ಬೀದಿದೀಪಗಳನ್ನು ನೋಡಿದರು. ಹೋಗು ಎಂದು ಕೈಯಾಡಿಸಿದರು.

ವಾರ ಬಿಟ್ಟು ಬಂದವನನ್ನು ಕೇಳಿದರು: “ಹೇಗಿದೆಯೋ ಬೆಳಕು?”

“ಹಚ್ಚಲೇ ಇಲ್ಲ ಯಜಮಾನ್ರೇ. ಕತ್ತಲಾದ್ರೆ ಸಾಕು, ನನ್ನವಳು ಲಾಟೀನು ಹಿಡಿದು ಮುಂದೆ ಮುಂದೆ ನಡೆದುಬಿಡೋಳು. ಟಾರ್ಚ್ ನೋಡ್ಬೇಕು ಅಂದ್ರೆ, ಅವಳಿಗೆ ಲಾಟೀನು ಹಿಡಿದು ಸಾಕಾಗೋವರೆಗೂ ನಾನು ಊರಿಗೆ ಹೋಗ್ತಾ ಇರ್ಬೇಕು.”