ಐಸಿರಿಯ ಬೆಳ್ಳಿ ಬಟ್ಟಲು

“ಗುರುಗಳೇ, ಹೆಸರನ್ನು ತಪ್ಪು ಅಕ್ಷರದಲ್ಲಿ ಬರೆದರೆ ಮಗುವಿಗೆ ಕೇಡಾಗುತ್ತದೆಯೇ?”

ಕೇಳಿದವನು ಅಡಿವೆಪ್ಪ ಮಾಸ್ತರ. ಮಠದ ಹಳೆಯ ಶಿಷ್ಯ, ಶಾಲೆಯಲ್ಲಿ ಕನ್ನಡ ಕಲಿಸುವವನು. ಅವನಿಗೆ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಊರಲ್ಲಿ ಯಾರಿಗೂ ಇಲ್ಲದ ಹೆಸರನ್ನು ಆರಿಸಿದ್ದ. ಆರಿಸಿದ ಮೇಲೆ, ಅದನ್ನು ಬರೆಯುವುದು ಹೇಗೆ ಎಂಬ ಸಂಶಯ ಹಿಡಿಯಿತು. ತೊಟ್ಟಿಲ ಶಾಸ್ತ್ರ ಎರಡು ಸಲ ಮುಂದಕ್ಕೆ ಹೋಯಿತು. ಹೆಂಡತಿ ಮಾತು ಬಿಟ್ಟಿದ್ದಳು. ಅವನಿಗೆ ನಿದ್ದೆಯೂ ಸರಿಯಾಗಿ ಇರಲಿಲ್ಲ.

“ಏನು ಹೆಸರು?” ಎಂದರು ಗುರುಗಳು.

ಮಾಸ್ತರ ಜೇಬಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟ. ಅದರಲ್ಲಿ ಒಂದೇ ಹೆಸರು ಒಂಬತ್ತು ಬಗೆಯಲ್ಲಿತ್ತು. ದೀರ್ಘ ಕೊಟ್ಟದ್ದು, ಕೊಡದ್ದು, ಒತ್ತು ಹಾಕಿದ್ದು, ತೆಗೆದದ್ದು. ಗುರುಗಳು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಒಂದೂ ಕಾಣುತ್ತಿರಲಿಲ್ಲ. ಹಾಳೆಯನ್ನು ಮಡಿಚಿ ಮೊಣಕಾಲ ಕೆಳಗೆ ಇಟ್ಟುಕೊಂಡರು.

“ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿದ್ದೇನೆ. ಕೂಸು ಹುಟ್ಟಿ ಎರಡು ತಿಂಗಳಾದರೂ ಕುಲಾವಿಯ ಅಳತೆಯನ್ನೇ ಹಿಡಿಯುತ್ತ ಕೂತವನನ್ನು ಇವತ್ತು ನೋಡಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವವನೊಬ್ಬ ಇದ್ದ. ಮದುವೆಯ ಕೊಡ, ತವರಿನವರು ಕೊಟ್ಟ ತಂಬಿಗೆ, ಗುಡಿಗೆ ಒಪ್ಪಿಸುವ ಹಂಡೆ, ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಮನೆಯ ಪಡಸಾಲೆಯೇ ಅವನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಉಳಿಯ ಮೇಲೆ ಸುತ್ತಿಗೆ ಬೀಳುತ್ತಲೇ ಇರುತ್ತಿತ್ತು. ಆ ಸದ್ದಿಗೆ ಹೊಸಬರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮನೆಯವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಕೆಲಸ ಕಲಿತ ಹೊಸದರಲ್ಲಿ ಅವನಿಂದ ಒಂದು ತಪ್ಪಾಗಿತ್ತು. ಒಬ್ಬ ಹುಡುಗಿಯ ಮದುವೆಯ ಪಾತ್ರೆಗಳು ಬಂದಿದ್ದವು. ಯಾರೋ ಅವಸರದಲ್ಲಿ ಗೀಚಿ ಕೊಟ್ಟ ಚೀಟಿಯನ್ನು ನೋಡಿ ಅವಳ ಹೆಸರನ್ನು ಎಲ್ಲ ಪಾತ್ರೆಗಳ ಮೇಲೂ ತಪ್ಪಾಗಿ ಕೊರೆದುಬಿಟ್ಟ. ಗಂಡನ ಮನೆಯವರು ಆ ತಪ್ಪು ಹೆಸರಿನಿಂದಲೇ ಅವಳನ್ನು ಕೂಗಿ ನಗುತ್ತಾರೆ ಎಂಬ ಸುದ್ದಿ ಬಂತು. ಆಕೆ ತವರಿಗೆ ಬಂದು ಅವನ ಬೀದಿಯಲ್ಲಿ ಹಾದುಹೋದರೆ, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಎದ್ದು ಹೋಗುತ್ತಿದ್ದ.

ಅಂದಿನಿಂದ ಅವನು ಚೀಟಿ ಮುಟ್ಟಲಿಲ್ಲ. ಗಿರಾಕಿಗಳಿಗೆ, ‘ಊಟಕ್ಕೆ ಕರೆಯುವ ಹಾಗೆ ಒಮ್ಮೆ ಕರೆಯಿರಿ’ ಎನ್ನುತ್ತಿದ್ದ. ಅವರು ಬೀದಿಯ ಕಡೆ ಮುಖ ಮಾಡಿ ಮಗಳನ್ನೋ ಮೊಮ್ಮಗನನ್ನೋ ಕರೆಯುತ್ತಿದ್ದರು. ಅವನು ಕೇಳಿದ ಹಾಗೆ ಕೊರೆಯುತ್ತಿದ್ದ. ಅವನ ಅಕ್ಷರ ಓದಿದರೆ ತಾಯಿಯ ದನಿಯೇ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಯಾವಾಗಲೂ ಸ್ವಲ್ಪ ಹೆಚ್ಚಿಗೆ ಹೇಳುತ್ತಾರೆ. ಆದರೂ ಅವನ ಕೆಲಸ ಒಳ್ಳೆಯದಿತ್ತು.

ಮದುವೆಯಾದ ಹನ್ನೊಂದನೆಯ ವರ್ಷಕ್ಕೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಸಂತೋಷದಲ್ಲಿ ಅವನು ಒಂದು ನಿಶ್ಚಯ ಮಾಡಿದ. ತಾನು ಇದುವರೆಗೆ ಯಾವ ಪಾತ್ರೆಗೂ ಕೊರೆಯದ ಹೆಸರನ್ನು ಮಗಳಿಗೆ ಇಡಬೇಕು. ಬಾಳವ್ವ, ನೀಲವ್ವ, ಸಾತವ್ವ ಎಲ್ಲ ಅವನ ಉಳಿಯ ಕೆಳಗೆ ನೂರಾರು ಸಲ ಹಾದುಹೋಗಿದ್ದವು. ಹುಡುಕಿ ಹುಡುಕಿ ‘ಐಸಿರಿ’ ಎಂಬ ಹೆಸರನ್ನು ಹಿಡಿದ. ಹೆಂಡತಿಗೂ ಅದು ಮನಸ್ಸಿಗೆ ಬಂತು. ಮಗುವಿನ ಸೋದರಮಾವ ಒಂದು ಬೆಳ್ಳಿ ಬಟ್ಟಲು ಕಳಿಸಿದ. ಹೆಸರು ಕೊರೆಯಲು ಅವನು ಬಟ್ಟಲನ್ನು ಮುಂದಿಟ್ಟುಕೊಂಡು ಉಳಿ ಹಿಡಿದ. ಅಲ್ಲಿಗೆ ಕೈ ನಿಂತಿತು.

‘ಐ’ ಎಂದು ಒಂದೇ ಅಕ್ಷರದಲ್ಲಿ ತೆಗೆಯಬೇಕೋ, ‘ಅಯ್’ ಎಂದು ಬಿಡಿಸಬೇಕೋ? ಎಂದೂ ಕೊರೆಯದ ಹೆಸರು, ಕೈಗೆ ರೂಢಿಯಿಲ್ಲ. ಪಾಟಿಯ ಮೇಲೆ ಬರೆದು ನೋಡಿದ. ಒಂದು ಮುದ್ದಾಗಿ ಕಂಡಿತು, ಇನ್ನೊಂದು ಗಟ್ಟಿಯಾಗಿ ಕಂಡಿತು. ಮರುದಿನ ಮುದ್ದಾದದ್ದು ಸಪ್ಪೆಯಾಗಿ ಕಂಡಿತು. ಬಳಪದ ಗೆರೆಯಾದರೆ ಒರೆಸಬಹುದು, ಬೆಳ್ಳಿಗೆ ಬಿದ್ದದ್ದು ಬಿದ್ದ ಹಾಗೆಯೇ. ಆ ಮದುವೆಯ ಹುಡುಗಿಯ ನೆನಪಾಗಿ ಅವನು ಉಳಿ ಕೆಳಗಿಟ್ಟ.

ಆಮೇಲೆ ಅವನು ಮನೆಗೆ ಒಂದು ಕಟ್ಟಳೆ ಮಾಡಿದ. ಅಕ್ಷರ ನಿಶ್ಚಯವಾಗುವ ತನಕ ಆ ಹೆಸರು ಯಾರ ಬಾಯಲ್ಲೂ ಬರಕೂಡದು. ನಾಲಿಗೆ ಮೊದಲು ಹೇಗೆ ಹೊರಳುತ್ತದೋ ಹಾಗೆಯೇ ನಿಂತುಬಿಡುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ ಎಂಬುದು ಅವನ ವಾದ. ಹೆಂಡತಿ ತಲೆಯಾಡಿಸಿದಳು. ಹೆಂಡತಿ ತಲೆಯಾಡಿಸಿದರೆ ಒಪ್ಪಿದಳು ಎಂದು ಗಂಡಂದಿರು ತಿಳಿದುಕೊಳ್ಳುತ್ತಾರೆ.

ಹದಿಮೂರನೆಯ ದಿನಕ್ಕೆ ತೊಟ್ಟಿಲ ಶಾಸ್ತ್ರವಿತ್ತು. ಆ ಸೀಮೆಯಲ್ಲಿ ಸೋದರತ್ತೆ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ ‘ಕುರ್ರ್’ ಎನ್ನಬೇಕು. ಅವಳು ಬಾಗಿದಾಗ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆ ಗುದ್ದು ಅವಳಿಗೆ ಮರ್ಯಾದೆ. ಕೊರೆಯುವವನ ಅಕ್ಕ ಅದಕ್ಕಾಗಿಯೇ ಎರಡು ಊರು ದಾಟಿ ಬಂದಳು. ಹೆಸರು ಇನ್ನೂ ನಿಂತಿಲ್ಲ ಎಂದು ಅವನು ಹೇಳಿದ. ಅವಳು ಹೋಳಿಗೆ ಉಂಡು, ಒಂದು ಗುದ್ದೂ ತಿನ್ನದೆ ಹಿಂತಿರುಗಿದಳು. ಅವಳಿಗಾದ ಅವಮಾನ ಸಣ್ಣದಲ್ಲ.

ಹೀಗೆ ಆರು ತಿಂಗಳು ಕಳೆದವು. ಬಟ್ಟಲು ಗೂಡಿನಲ್ಲಿ ಕಪ್ಪಾಗುತ್ತಿತ್ತು. ಪಾಟಿ ಸವೆಯುತ್ತಿತ್ತು.

ಒಂದು ದಿನ ಹೆಂಡತಿ ನೀರಿಗೆ ಹೋಗಿದ್ದಳು. ಮಗು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿತ್ತು. ಅವನ ಕೈಯಿಂದ ಒಂದು ಹಿತ್ತಾಳೆ ಕೊಡ ಜಾರಿ ಕಲ್ಲಿನ ನೆಲದ ಮೇಲೆ ಬಿತ್ತು. ಕಟ್ಟೆಯ ಮೇಲಿದ್ದ ಗಿರಾಕಿ ಬೆಚ್ಚಿದ. ಬೀದಿಯ ನಾಯಿ ಬೊಗಳಿತು. ಮಗು ಮಾತ್ರ ರೆಪ್ಪೆ ಕೂಡ ಬಡಿಯದೆ ತನ್ನ ಕಾಲ್ಬೆರಳನ್ನು ನೋಡುತ್ತ ಮಲಗಿತ್ತು.

ಅವನು ಕೊಡ ಎತ್ತುವುದನ್ನೂ ಮರೆತು ಮಗುವನ್ನೇ ನೋಡಿದ. ಗಿರಾಕಿ ಹೋದ ಮೇಲೆ ಮಗುವಿನ ತಲೆಯ ಹಿಂದೆ ಕೂತು ತಾಟು ಬಡಿದ. ಮಗು ತಿರುಗಲಿಲ್ಲ. ಹಂಡೆ ಬಡಿದ. ತಿರುಗಲಿಲ್ಲ. ಮರುದಿನ ಹೆಂಡತಿ ಹಿತ್ತಲಿಗೆ ಹೋದಾಗ ಗಂಟೆ ಬಾರಿಸಿದ, ಉಳಿಯಿಂದ ಕಬ್ಬಿಣ ಬಡಿದ. ಮಗು ಬೆರಳು ಚೀಪುತ್ತ ಆಚೆ ನೋಡುತ್ತಿತ್ತು. ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಅವನು ತೀರ್ಮಾನಿಸಿದ.

ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷ ಕಾದು ಹೆತ್ತವಳಿಗೆ ಈ ಮಾತು ಹೇಗೆ ಹೇಳುವುದು? ಒಳಗಿನ ಕೋಣೆಯಲ್ಲಿ ಅವಳು ಮಗುವನ್ನು ಆಡಿಸುವುದು ಕಂಡರೆ ಅವನು ಮುಖ ಆಚೆ ತಿರುಗಿಸುತ್ತಿದ್ದ. ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಐ ಎಂದರೇನು, ಅಯ್ ಎಂದರೇನು, ಆ ಹೆಸರು ಮಗಳ ಕಿವಿಗೆ ಎಂದಿಗೂ ಬೀಳುವುದಿಲ್ಲವಲ್ಲ ಎಂದುಕೊಂಡ. ಕೊರೆಯಲು ಬಂದ ದೊಡ್ಡ ಹಂಡೆಯೊಳಗೆ ತಲೆ ಹಾಕಿ, ಕಿಲುಬು ನೋಡುವವನ ಹಾಗೆ ನಟಿಸಿ, ಅತ್ತ.

ಒಂಬತ್ತನೆಯ ದಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಯಾರು ಎಂದು ತಲೆಯೆತ್ತಿದ. ಇಪ್ಪತ್ತು ವರ್ಷದ ಹಿಂದೆ ತಪ್ಪು ಹೆಸರಿನ ಪಾತ್ರೆಗಳನ್ನು ಗಂಡನ ಮನೆಗೆ ಒಯ್ದವಳು ಆಕೆಯೇ. ಈಗ ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಎದ್ದು ಒಳಗೆ ಹೋಗಲು ಅವನಿಗೆ ಶಕ್ತಿ ಇರಲಿಲ್ಲ. ಆಕೆ ಒಂದು ತಂಬಿಗೆಯನ್ನು ಮುಂದಿಟ್ಟು, ಮಗಳ ಹೆಸರು ಹಾಕಿಕೊಡು ಎಂದಳು.

‘ನನ್ನ ಕಡೆನೇ ಬಂದೆಯಲ್ಲ ತಂಗಿ. ನಿನ್ನ ಹೆಸರು ನಾನು ಕೆಡಿಸಿದ್ದೆ’ ಎಂದ.

‘ಒಂದ ವರ್ಷ ನಕ್ಕರಣ್ಣಾ. ಆಮ್ಯಾಲ ಅದ ಪಾತ್ರ್ಯಾಗ ಮಾಡಿದ್ದು ಉಂಡು ಸುಮ್ಮನಾದ್ರು. ನಮ್ಮವ್ವ ಕರದ್ರ ನನ್ನ ಹೆಸರು ಸರೀನ ಇತ್ತಲ್ಲ’ ಎಂದಳು ಆಕೆ.

ಇಪ್ಪತ್ತು ವರ್ಷ ಹೊತ್ತ ಕಲ್ಲು ಎದೆಯಿಂದ ಇಳಿದ ಹಾಗಾಯಿತು. ಆದರೆ ಅದರ ಕೆಳಗೆ ಇನ್ನೊಂದು ಕಲ್ಲು ಇದ್ದೇ ಇತ್ತು. ಅವನು ಮನಸ್ಸು ಎಲ್ಲೋ ಇಟ್ಟು, ‘ಮಗಳನ್ನು ಕರಿ’ ಎಂದ. ಅವಳು ಬೀದಿಗೆ ಮುಖ ಮಾಡಿ ಕರೆದಳು. ಎದುರಿಗೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಅದರ ಪಕ್ಕದಲ್ಲಿ ಏಳೆಂಟು ಹುಡುಗಿಯರು ಕಿರುಚಿಕೊಂಡು ಕುಂಟಾಟ ಆಡುತ್ತಿದ್ದರು. ಅಷ್ಟು ಗದ್ದಲದಲ್ಲಿ ಒಬ್ಬಳು ಮಾತ್ರ ಕಾಲು ಕೆಳಗಿಟ್ಟು ತಿರುಗಿ ನೋಡಿದಳು.

ಕೊರೆಯುವವನು ಅದನ್ನು ನೋಡಿದ. ಗಿರಣಿಯ ಸದ್ದಿಗೆ ಅವರಲ್ಲಿ ಒಬ್ಬರೂ ತಿರುಗಿರಲಿಲ್ಲ. ಅವನು ತಂಬಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಹೆಂಡತಿಯ ಮುಂದೆ ಕೂತು, ಕೊಡ ಬಿದ್ದದ್ದು, ತಾಟು ಬಡಿದದ್ದು, ಗಂಟೆ ಬಾರಿಸಿದ್ದು, ಎಲ್ಲವನ್ನೂ ಹೇಳಿದ.

ಹೆಂಡತಿ ಎದ್ದಳು. ಮಗುವನ್ನು ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಸಿದಳು. ತಾನು ಬಾಗಿಲಿನ ಹಿಂದೆ ಹೋಗಿ ನಿಂತಳು. ಅಲ್ಲಿಂದ, ಪಿಸುಮಾತಿಗಿಂತ ತುಸು ಮೇಲಿನ ದನಿಯಲ್ಲಿ, ‘ಐಸಿರಿ’ ಎಂದಳು.

ಮಗು ತಟ್ಟನೆ ಕತ್ತು ಹೊರಳಿಸಿತು. ಬಾಗಿಲ ಕಡೆ ನೋಡಿ ಎರಡೂ ಕೈ ಚಾಚಿತು.

ಇನ್ನೊಮ್ಮೆ ಕರೆ ಎಂದ. ಅವಳು ಹಿತ್ತಲ ಕಡೆಯಿಂದ ಕರೆದಳು. ಮಗು ಹಿತ್ತಲ ಕಡೆ ತಿರುಗಿತು. ಮತ್ತೊಮ್ಮೆ ಎಂದ. ಮೂರನೆಯ ಸಲಕ್ಕೆ ಮಗು ಕಿಲಕಿಲ ನಕ್ಕಿತು, ಅವನು ಕಂಬಕ್ಕೆ ಒರಗಿ ಕುಸಿದು ಕೂತ. ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. ಎಂಟು ದಿನದ ಹಸಿವು ಆಗ ಒಮ್ಮೆಲೇ ಗೊತ್ತಾಯಿತು.

‘ನೀವು ಕರೀಬ್ಯಾಡ ಅಂದ್ರಿ. ಹಾಲು ಕುಡಸೂವಾಗ ಬಾಯಿ ತಡೀಲಿಲ್ಲರಿ’ ಎಂದಳು ಹೆಂಡತಿ. ‘ದಿನಾ ಕರದೇನಿ. ನೀವು ಬಡೀತಿದ್ರಿ, ನಿಮಗ ಕೇಳಿಸಿಲ್ಲ. ಆ ಸದ್ದು ಅಕಿ ಹೊಟ್ಟ್ಯಾಗ ಇದ್ದಾಗಿಂದ ಕೇಳ್ಯಾಳ. ಅದಕ್ಕ ಯಾಕ ಹೊಳ್ಳಿ ನೋಡ್ತಾಳ?’

ಅವನು ಬೈಯಲಿಲ್ಲ. ತನ್ನ ಕಟ್ಟಳೆ ಮುರಿದವಳಿಗೆ ಕೈಮುಗಿಯುವಷ್ಟು ಸಂತೋಷವಾಗಿತ್ತು. ಎದ್ದು ಎರಡು ರೊಟ್ಟಿ ತಿಂದ. ಹೊರಗೆ ಹೋಗಿ ಆ ಹೆಂಗಸಿನ ತಂಬಿಗೆಗೆ ಹೆಸರು ಕೊರೆದುಕೊಟ್ಟ. ಮಜೂರಿ ಬೇಡ ಎಂದ.

ಮುಂದಿನ ಸೋಮವಾರ ಅಕ್ಕನನ್ನು ಮತ್ತೆ ಕರೆಸಿದರು. ಅವಳು ತೊಟ್ಟಿಲಿಗೆ ಬಾಗಿ ಹೆಸರು ಹೇಳಿ ‘ಕುರ್ರ್’ ಎಂದಳು. ಈ ಸಲ ಗುದ್ದುಗಳು ಸ್ವಲ್ಪ ಜೋರಾಗಿಯೇ ಬಿದ್ದವು. ಅವಳು ಬೆನ್ನು ನೀವಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಗುವಿಗೆ ಆ ಹೆಸರೇನೂ ಹೊಸದಲ್ಲ. ಗೊತ್ತಿದ್ದ ಮಾತನ್ನೇ ಮತ್ತೆ ಯಾಕೆ ಹೇಳುತ್ತಾರೆ ಎನ್ನುವ ಹಾಗೆ ಅತ್ತೆಯ ಮುಖ ನೋಡಿತು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಅಡಿವೆಪ್ಪ ಮಾಸ್ತರನ ಮುಖ ತಿಳಿಯಾಗಿತ್ತು. ಆ ಮಗುವಿಗೆ ಕಿವಿ ಕೇಳಿತಲ್ಲ ಎಂಬ ಸಮಾಧಾನ, ಪಾತ್ರೆಯ ಮೇಲೆ ಹೆಸರು ತಪ್ಪಿದವಳೂ ಸುಖವಾಗಿ ಬಾಳಿದಳಲ್ಲ ಎಂಬ ಸಮಾಧಾನ. ತನ್ನ ಮಗಳಿಗೂ ಕೇಡಿಲ್ಲ ಎಂದು ಅವನಿಗೆ ನಂಬಿಕೆ ಬಂತು. ಎರಡು ತಿಂಗಳ ಮೇಲೆ ಮೊದಲ ಸಲ ಗೋಡೆಗೆ ಒರಗಿ ಕೂತ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು, ಕನ್ನಡ ಮಾಸ್ತರ ಕನ್ನಡ ಮಾಸ್ತರನೇ.

“ಬಟ್ಟಲಿನ ಮೇಲೆ ಕೊನೆಗೆ ಹೇಗೆ ಬರೆದ, ಗುರುಗಳೇ?” ಎಂದು ಕೇಳಿದ.

“ಹೆಂಡತಿಗೆ, ಊಟಕ್ಕೆ ಕರೆಯುವ ಹಾಗೆ ಒಮ್ಮೆ ಕರೆ ಎಂದ. ಕೇಳಿದ ಹಾಗೆ ಕೊರೆದ. ನಾನು ಆ ಬಟ್ಟಲು ನೋಡಿಲ್ಲ, ನೋಡಿದ್ದರೂ ಕನ್ನಡಕ ಬೇಕಾಗುತ್ತಿತ್ತು.”

ಮಾಸ್ತರ ನಕ್ಕ. ಹಾಳೆಗಾಗಿ ಕೈ ಚಾಚಿದ. “ಹಾಗಾದರೆ ಈ ಒಂಬತ್ತರಲ್ಲಿ ನಾನು ಯಾವುದನ್ನು ಇಟ್ಟುಕೊಳ್ಳಲಿ?”

ಗುರುಗಳು ಮೊಣಕಾಲ ಕೆಳಗಿನಿಂದ ಹಾಳೆಯನ್ನು ತೆಗೆದು, ಬಿಚ್ಚದೆ ಅವನ ಕೈಗೆ ಕೊಟ್ಟರು.

“ಇದರಲ್ಲಿ ಮಗಳ ಹೆಸರನ್ನು ಒಂಬತ್ತು ಸಲ ಬರೆದಿದ್ದೀಯ, ಮಾಸ್ತರ; ಎಷ್ಟು ಸಲ ಕರೆದಿದ್ದೀಯ?”